ನೀರಗಂಟಿ ಚಿಕ್ಕಬೈರಪ್ಪನ ಮೊಣಕೈ

ಅಲ್ಲಾಳಸಂದ್ರದಲ್ಲಿ ನನ್ನ ಭಾವ ಚಿಕ್ಕಬೈರಪ್ಪನ ಹೆಸರು ಎತ್ತಿದರೆ ಸಾಕು, ಆಗ ಹುಟ್ಟೇ ಇರದವರೂ ಕಣ್ಣಾರೆ ಕಂಡವರಂತೆ ಕಥೆ ಶುರು ಮಾಡುತ್ತಾರೆ. ಕೈಯೇ ಇಲ್ಲದ ಮನುಷ್ಯ ವೆಂಕಟಸ್ವಾಮಿಯ ದವಡೆ ಮುರಿದನಂತೆ, ಏಳು ಹಲ್ಲು ಉದುರಿಸಿದನಂತೆ. ಉದುರಿದ್ದು ಮೂರು. ಎಣಿಸಿದವನು ನಾನು. ಕೈ ಇರಲಿಲ್ಲ ಅನ್ನುವುದೂ ಸುಳ್ಳು. ಎರಡು ಕೈಯೂ ಇದ್ದವು, ಬೆರಳು ಕೆಲಸಕ್ಕೆ ಬರುತ್ತಿರಲಿಲ್ಲ ಅಷ್ಟೆ. ಈ ಹರಟೆಮಲ್ಲರ ಬಾಯಿ ಮುಚ್ಚಿಸುವ ಶಕ್ತಿ ಈಗ ನನಗಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಭಾವನ ಮನೆತನದ್ದು ನೀರಗಂಟಿ ಕೆಲಸ. ಕೆರೆಯ ತೂಬು ಎತ್ತುವುದು, ಇಳಿಸುವುದು, ಸರದಿ ನೋಡಿ ಒಬ್ಬೊಬ್ಬರ ಗದ್ದೆಗೆ ನೀರು ಬಿಡುವುದು. ಏರಿಯ ಮೇಲೆ ಒಂದು ಕೋಲು ನೆಟ್ಟಿದ್ದ. ಅದರ ನೆರಳು ಹೇಳಿದಷ್ಟು ಹೊತ್ತು ನೀರು, ಆಮೇಲೆ ದೇವರೇ ಬಂದರೂ ಇಲ್ಲ. ಇಂಥ ಮೊಂಡನಿಗೆ ನನ್ನ ಅಕ್ಕ ಗಂಗರತ್ನಮ್ಮನನ್ನು ಕೊಟ್ಟೆವಲ್ಲ ಎಂದು ನಮ್ಮಪ್ಪ ಆಗಾಗ ಹಣೆ ಚಚ್ಚಿಕೊಳ್ಳುತ್ತಿದ್ದ. ಅಕ್ಕ ಮಾತ್ರ ಆ ಮೊಂಡುತನದ ಮೇಲೆ ಒಳಗೊಳಗೇ ಜಂಬಪಡುತ್ತಿದ್ದಳು.

ಐವತ್ತೇಳರ ಬೇಸಿಗೆಯಲ್ಲಿ ಕೆರೆಯ ನೀರು ತಳ ಕಂಡಿತ್ತು. ಅವತ್ತು ಪಟಾಲಮ್ಮನೆಂಬ ವಿಧವೆಯ ಗದ್ದೆಯ ಸರದಿ. ಅಚ್ಚುಕಟ್ಟಿನಲ್ಲಿ ಎಲ್ಲರಿಗಿಂತ ಹೆಚ್ಚು ಜಮೀನಿದ್ದ ವೆಂಕಟಸ್ವಾಮಿ ಇಬ್ಬರು ಆಳುಗಳನ್ನು ಕಟ್ಟಿಕೊಂಡು ಏರಿಗೆ ಬಂದ. ನೀರು ತನ್ನ ಕಡೆ ತಿರುಗಿಸು ಎಂದ.

"ಸರದಿ ಬರ್ಲಿ ವೆಂಕಟಸ್ವಾಮಣ್ಣ, ಬಿಡ್ತೀನಿ," ಎಂದ ಭಾವ.

ಆಳುಗಳು ಹಿಂದಿನಿಂದ ಬಂದು ಅವನ ತೋಳು ಹಿಡಿದರು. ಮಂಡಿಯೂರಿಸಿ ಎರಡು ಅಂಗೈಯನ್ನೂ ತೂಬಿನ ಕಲ್ಲಿನ ಮೇಲೆ ಒತ್ತಿದರು. ವೆಂಕಟಸ್ವಾಮಿ ಗುದ್ದಲಿಯನ್ನು ತಿರುಗಿಸಿ ಹಿಡಿದು ಅದರ ಹಿಂಬದಿಯಿಂದ ಕುಟ್ಟಿದ. ಬಲಗೈ ಮೇಲೆ ನಾಲ್ಕು ಏಟು, ಎಡಗೈ ಮೇಲೆ ಮೂರು. ಆರನೆಯದಕ್ಕೆ ಭಾವ ಕಿರುಚುವುದು ನಿಂತಿತ್ತು. ಇದನ್ನು ನಮಗೆ ಹೇಳಿದವಳು ಪಟಾಲಮ್ಮನೇ. ಆದರೆ ಹಿರಿಯರು ಅರಳಿಕಟ್ಟೆಯಲ್ಲಿ ಕೂತು ಕೇಳಿದಾಗ ಬಿಸಿಲು ಕಣ್ಣಿಗೆ ಹೊಡೀತಿತ್ತು, ಏನೂ ಕಾಣಲಿಲ್ಲ ಎಂದಳು. ತೂಬಿನ ಕಲ್ಲು ಜಾರಿ ಕೈ ಮೇಲೆ ಬಿತ್ತು ಎಂದು ತೀರ್ಮಾನವಾಯಿತು. ಇಡೀ ಊರಿಗೆ ಊರೇ ತಲೆ ಆಡಿಸಿತು. ಆ ತಲೆಗಳನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಬೆರಳುಗಳು ಹಸಿಶುಂಠಿಯ ಗಡ್ಡೆಯ ಹಾಗೆ ಗಂಟುಗಂಟಾಗಿ ಕೂಡಿಕೊಂಡವು. ಮುಷ್ಟಿ ಮುಚ್ಚುತ್ತಿರಲಿಲ್ಲ. ತೂಬಿನ ಕೆಲಸ ವೆಂಕಟಸ್ವಾಮಿಯ ಆಳಿಗೆ ಹೋಯಿತು. ಅಕ್ಕ ಮುದ್ದೆ ಮುರಿದು, ಸಾರಿಗೆ ಅದ್ದಿ, ಗಂಡನ ಬಾಯಿಗೆ ಇಡುವಂತಾಯಿತು.

"ಅದೇ ಏರಿ ಮ್ಯಾಗೆ, ಅದೇ ಜನದ ಮುಂದೆ, ಅವ್ನ ಮೂತಿ ಒಡೀಬೇಕು," ಎಂದ ಭಾವ ಒಂದು ಮಧ್ಯಾಹ್ನ, ತುತ್ತು ನುಂಗುತ್ತ. "ಆಮ್ಯಾಕೆ ನಾನ್ ಸತ್ರೂ ಸೈ."

"ಮುದ್ದೆ ಮುರಿಯಾಕಾಗಲ್ಲ, ಮೂತಿ ಮುರೀತಾರಂತೆ! ಬಾಯ್ ತಗೀರಿ," ಎಂದಳು ಅಕ್ಕ. ನಾನು ನಕ್ಕೆ. ಭಾವ ನಗಲಿಲ್ಲ.

ಮರುವರ್ಷ ಯಲಹಂಕದ ವಿಮಾನ ದಳದ ಕ್ಯಾಂಪಿನಲ್ಲಿ ಅವನಿಗೆ ಕಸ ಗುಡಿಸುವ ಕೆಲಸ ಸಿಕ್ಕಿತು. ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿ ಮಣಿಕಟ್ಟಿನಿಂದ ಒತ್ತಿಕೊಂಡು ಗುಡಿಸುವುದನ್ನು ಕಲಿತಿದ್ದ. ಅಲ್ಲಿನ ಕಸರತ್ತಿನ ಮನೆಯನ್ನು ನೋಡಿಕೊಳ್ಳುತ್ತಿದ್ದವನು ಅನ್ವರ್. ಒಂದು ಕಾಲಕ್ಕೆ ಸೈನ್ಯದಲ್ಲಿ ಬಾಕ್ಸಿಂಗ್ ಆಡಿ ಮೂಗು ಚಪ್ಪಟೆ ಮಾಡಿಕೊಂಡ ಶಿವಾಜಿನಗರದ ಮನುಷ್ಯ. ಆ ಮನೆಯ ಮೂಲೆಯಲ್ಲಿ ತಲೆಯೆತ್ತರಕ್ಕೆ ಒಂದು ಹಲಗೆ, ಅದರ ಕೆಳಗೆ ಸೋರೆಬುರುಡೆಯಂತೆ ನೇತಾಡುವ ಚರ್ಮದ ಚೀಲ. ಅನ್ವರ್ ಅದನ್ನು ಸ್ಪೀಡ್ ಬ್ಯಾಗು ಎನ್ನುತ್ತಿದ್ದ. ಭಾವ ಬುರುಡೆ ಎನ್ನುತ್ತಿದ್ದ. ಒಂದು ದಿನ ಯಾರೂ ಇಲ್ಲವೆಂದುಕೊಂಡು ಭಾವ ಅದಕ್ಕೆ ಮೊಣಕೈಯಿಂದ ರಪ್ಪನೆ ಬಾರಿಸಿದ. ಬುರುಡೆ ಹಲಗೆಗೆ ಬಡಿದು ವಾಪಸು ಬಂದು ಅವನ ಮೂಗಿಗೇ ಗುದ್ದಿತು. ಬಾಗಿಲಲ್ಲಿ ನಿಂತಿದ್ದ ಅನ್ವರ್ ಬಿದ್ದು ಬಿದ್ದು ನಕ್ಕ.

"ಜೋರಾಗಿ ಹೊಡೀಬಾರ್ದು ಬೈರಪ್ಪ ಭಾಯ್," ಎಂದ. "ತಾಗಿಸ್ಬೇಕು. ಕಿವಿ ಕೊಟ್ಟು ಕೇಳು. ಒಂದ್ಸಲ ಹೊಡೆದ್ರೆ ಮೂರು ಸದ್ದು. ಹಿಂದೆ, ಮುಂದೆ, ಹಿಂದೆ. ಮೂರಾದ್ಮೇಲೆ ಅದೇ ನಿನ್ ಹತ್ರ ಬರುತ್ತೆ. ಆಗ ಹೊಡಿ."

ಮುಷ್ಟಿಯಿಂದ ಹೊಡೆಯುವವರು ನಿಲ್ಲುವುದಕ್ಕಿಂತ ಒಂದು ಹೆಜ್ಜೆ ಹತ್ತಿರ ನಿಲ್ಲಿಸಿದ. ತೋಳು ಮಡಿಸಿ, ಮಣಿಕಟ್ಟು ಎದೆಗೆ ಒತ್ತಿ, ಭುಜದಿಂದಲ್ಲ ಸೊಂಟದಿಂದ ತಿರುಗಲು ಹೇಳಿಕೊಟ್ಟ. ಬಲ ಮೊಣಕೈ ಅಡ್ಡ ಬೀಸಿದಾಗ ಒಂದು. ಅದೇ ಮೊಣಕೈ ಹಿಂತಿರುಗುವಾಗ ಅದರ ಬೆನ್ನಿನಿಂದ ಇನ್ನೊಂದು. ಆಮೇಲೆ ಎಡಕ್ಕೂ ಹಾಗೆಯೇ. ಆರು ತಿಂಗಳು ಬುರುಡೆ ಅವನ ಮಾತು ಕೇಳಲಿಲ್ಲ. ಮೊಣಕೈಯ ಚರ್ಮ ಸುಲಿದು, ಬಾತು, ಕೀವಾಯಿತು. ಅಕ್ಕ ಅರಿಶಿನ ಹರಳೆಣ್ಣೆ ಹಚ್ಚುತ್ತ ಅನ್ವರನಿಗೂ, ಬುರುಡೆಗೂ, ಗಂಡನಿಗೂ ಸೇರಿಸಿ ಶಾಪ ಹಾಕುತ್ತಿದ್ದಳು. ಏಟಿಗೂ ಏಟಿಗೂ ನಡುವೆ ಸಂದೇ ಇಲ್ಲದ ದಿನ ಬಂದೇ ಬಂತು. ಕಣ್ಣು ಮುಚ್ಚಿಕೊಂಡೂ ಹೊಡೆಯುತ್ತಿದ್ದ. ಅನ್ವರನಿಗೆ ಅದು ಕೈ ಹೋದ ಒಬ್ಬನಿಗೆ ಸಿಕ್ಕ ಖುಷಿ ಅಷ್ಟೇ ಆಗಿತ್ತು. ವೆಂಕಟಸ್ವಾಮಿಯ ವಿಷಯ ಭಾವ ಅವನಿಗೆ ಹೇಳಿರಲಿಲ್ಲ.

ನನಗೆ ಗೊತ್ತಿತ್ತು. ಅನ್ವರ್ ಹಳೆಯದೊಂದು ಬುರುಡೆಗೆ ತೇಪೆ ಹಾಕಿ ಕೊಟ್ಟಾಗ, ಯಶವಂತಪುರದಲ್ಲಿ ನಾನು ಕೆಲಸಕ್ಕಿದ್ದ ಮರದ ಡಿಪೋದಿಂದ ಹಲಸಿನ ಹಲಗೆ ತಂದು ಭಾವನ ಮನೆಯ ಕೊಟ್ಟಿಗೆಯ ತೊಲೆಗೆ ಜಡಿದವನು ನಾನೇ. ಅಷ್ಟಕ್ಕೇ ಬಿಡಲಿಲ್ಲ.

"ಭಾವ, ಅವ್ನು ಒಬ್ನೇ ಬರಾಕಿಲ್ಲ," ಎಂದೆ. "ಆವತ್ತು ಬೆನ್ನಿಂದೆ ಬಂದು ಇಡ್ಕಂಡ್ರಲ್ಲ, ಅವ್ರಿಗೇನ್ ಮಾಡ್ತೀಯ?"

ಭಾವ ಯೋಚಿಸಿದ. ನಾನು ಒಂದು ಗೋಣಿಚೀಲಕ್ಕೆ ಹುಲ್ಲು ತುಂಬಿ ಅವನ ಬೆನ್ನ ಹಿಂದೆ, ಹೆಗಲಿನ ಎತ್ತರಕ್ಕೆ ನೇತುಹಾಕಿದೆ. ಅಂದಿನಿಂದ ಬಲ, ಎಡ ಬುರುಡೆಗೆ. ಬುರುಡೆ ಮೂರು ಸದ್ದು ಮಾಡುವಷ್ಟರಲ್ಲಿ ಬಲ ಮೊಣಕೈ ಹಿಂದಕ್ಕೆ ಹೋಗಿ ಗೋಣಿಗೆ ಗುಮ್ಮಿ, ಮತ್ತೆ ಮುಂದೆ ಬಂದು ಬುರುಡೆಯನ್ನು ಸಂಧಿಸುತ್ತಿತ್ತು. ಎರಡು ವರ್ಷ ಹೊತ್ತಾರೆ ಎದ್ದು ಇದೇ ಕೆಲಸ. ಕೊನೆಕೊನೆಗೆ ಅವನು ಹಿಂದಕ್ಕೆ ಹೊಡೆಯುತ್ತಿದ್ದುದು ಅವನಿಗೇ ತಿಳಿಯುತ್ತಿರಲಿಲ್ಲ. ಗೋಣಿ ಹರಿದಾಗಲೆಲ್ಲ ಹೊಲಿದು ಕೊಡುತ್ತಿದ್ದವಳು ಅಕ್ಕ.

ಅರವತ್ತೊಂದರಲ್ಲಿ ಮಳೆಗಾಲಕ್ಕೆ ಮುಂಚೆ ಕೆರೆ ಏರಿ ರಿಪೇರಿಗೆ ಮನೆಗೊಂದು ಆಳು ಬರಬೇಕೆಂದು ಸಾರಿದರು. ಭಾವನ ಮನೆಯಿಂದ ಅಕ್ಕ ಹೋದಳು, ಅವನ ಕೈಯಲ್ಲಿ ಮಣ್ಣು ಹೊರುವ ಮಂಕರಿ ನಿಲ್ಲುವುದಿಲ್ಲವಲ್ಲ. ನಮ್ಮ ಮನೆಯಿಂದ ನಾನು. ಗಂಡಸರು ಮಣ್ಣು ಅಗೆದು ತುಂಬುವುದು, ಹೆಂಗಸರು ಹೊತ್ತು ಏರಿಗೆ ಸುರಿಯುವುದು. ಬಿಸಿಲೇರುವ ಹೊತ್ತಿಗೆ ವೆಂಕಟಸ್ವಾಮಿ ಇಬ್ಬರು ಆಳುಗಳೊಂದಿಗೆ ಬಂದು, ತೂಬಿನ ಹತ್ತಿರ ನಿಂತು ಎಲ್ಲರಿಗೂ ಹುಕುಂ ಮಾಡತೊಡಗಿದ. ಸ್ವಲ್ಪ ಹೊತ್ತಿಗೆ ಭಾವ ಏರಿಯ ಮೇಲೆ ಬರುವುದು ಕಾಣಿಸಿತು. ಕ್ಯಾಂಪಿನ ಖಾಕಿ ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡಿದ್ದ. ನಾನು ಮಣ್ಣಿನ ಗುಂಡಿ ಬಿಟ್ಟು ಮೇಲೆ ಹತ್ತಿ ಅವನ ಹಿಂದೆ ಐದು ಮಾರು ದೂರದಲ್ಲಿ ನಿಂತೆ.

"ವೆಂಕಟಸ್ವಾಮಣ್ಣ, ಮಕ ಈ ಕಡೀಕ್ ತಿರುಗ್ಸು," ಎಂದ ಭಾವ.

ವೆಂಕಟಸ್ವಾಮಿ ತಿರುಗಿ, ಅವನ ಬೆರಳು ನೋಡಿ ನಕ್ಕ. "ಯಾವ್ ಕೈನಾಗೆ ಒಡೀತೀಯೋ ಬೈರ? ತೋರ್ಸು, ನೋಡಾನ."

ಭಾವ ಅಂಗಿ ಕೆಳಗೆ ಬಿಟ್ಟ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಮಾತಾಡಲು ನಿಲ್ಲುವುದಕ್ಕಿಂತ ಹತ್ತಿರ ಹೋಗಿಬಿಟ್ಟ. ಬಲ ಮೊಣಕೈ ದವಡೆಗೆ ಬಿದ್ದ ಸದ್ದು ಕೆಳಗಿನ ಗುಂಡಿಯಲ್ಲಿದ್ದವರಿಗೂ ಕೇಳಿಸಿತು. ತಲೆ ಹಿಂದಕ್ಕೆ ಹೋಗಿ ಮುಂದಕ್ಕೆ ಬರುವಷ್ಟರಲ್ಲಿ ಎಡ ಮೊಣಕೈ ಕಾದಿತ್ತು. ಹುಬ್ಬು ಸೀಳಿ ರಕ್ತ ಕಣ್ಣಿಗೆ ಇಳಿಯಿತು. ವೆಂಕಟಸ್ವಾಮಿ ಎರಡು ಕೈಯಿಂದ ಭಾವನ ಕುತ್ತಿಗೆ ಹಿಡಿಯಲು ಬಂದ. ಬಲ ಮೊಣಕೈಯ ಬೆನ್ನು ಅವನ ಮೂಗಿನ ಮೇಲೆ ಬಿತ್ತು, ಮೂಗು ಒಂದು ಪಕ್ಕಕ್ಕೆ ಹೋಯಿತು. ಆಳುಗಳಲ್ಲಿ ಒಬ್ಬ ಏರಿ ಇಳಿದು ಓಡಿದ. ಇನ್ನೊಬ್ಬ ಹಾರೆ ಹಿಡಿದುಕೊಂಡೇ ಮರಗಟ್ಟಿ ನಿಂತಿದ್ದ. ಮತ್ತೆ ಬಲ. ಮತ್ತೆ ಎಡ. ಹಲ್ಲು ಮಣ್ಣಿನ ಮೇಲೆ ಬಿದ್ದದ್ದು ಆಗಲೇ.

ನಮ್ಮ ಕಡೆ ಜಗಳಕ್ಕೆ ಒಂದು ಕಟ್ಟಳೆ ಇದೆ. ಬಿಡಿಸುವವರು ತಮ್ಮವನನ್ನು ಹಿಡಿಯಬೇಕು, ಎದುರಿನವನ ಮೈ ಮುಟ್ಟಬಾರದು. ಮುಟ್ಟಿದರೆ ಒಬ್ಬನ ಮೇಲೆ ಇಬ್ಬರು ಬಿದ್ದ ಹಾಗೆ. ಹಿಂದಿನಿಂದ ಬಂದು ಸೊಂಟ ತಬ್ಬಿ ಎಳೆಯಬೇಕು. ಆಗ ಹೊಡೆಯುವವನು ಬಿಡು ಬಿಡು ಎಂದು ಕೂಗಾಡುತ್ತ ಮರ್ಯಾದೆಯಾಗಿ ಮನೆಗೆ ಹೋಗಬಹುದು. ನಮ್ಮೂರಲ್ಲಿ ಅರ್ಧಕ್ಕರ್ಧ ಜಗಳ ಹಿಡಿಯುವವರನ್ನು ನಂಬಿಕೊಂಡೇ ಶುರುವಾಗುತ್ತಿತ್ತು. ಅವತ್ತು ಭಾವನ ಕಡೆಯವನೆಂದು ಅಲ್ಲಿದ್ದ ಗಂಡಸು ನಾನೊಬ್ಬನೇ. ಹಿಡಿಯಬೇಕಾದ ಹೊತ್ತು ಬಂದಿದೆ ಎಂದು ನನಗೆ ಚೆನ್ನಾಗಿ ಗೊತ್ತಾಯಿತು. ಇನ್ನೊಂದು ಬೀಳಲಿ ಎಂದುಕೊಂಡೆ. ಬಿತ್ತು. ಇನ್ನೂ ಒಂದು ಬೀಳಲಿ ಎಂದುಕೊಂಡೆ. ನಾಲ್ಕು ವರ್ಷದ ಉರಿ ತಣ್ಣಗಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ, ಆ ರಕ್ತ ನೋಡಿ ನನಗೆ ಸುಖವಾಗುತ್ತಿತ್ತು.

"ಸಾಯ್ತಾನೆ! ಇಡ್ಕೊಳ್ರೋ!" ಎಂದು ಯಾರೋ ಹೆಂಗಸು ಕೂಗಿದಳು.

ಅಕ್ಕ ತಲೆಯ ಮೇಲಿನ ಮಂಕರಿ ಬಿಸಾಡಿದಳು. ನನ್ನ ಕಡೆ ಒಮ್ಮೆ ನೋಡಿದಳು. ನಾನು ಅಲುಗಲಿಲ್ಲ. ಅವಳೇ ಓಡಿ ಹೋಗಿ ಹಿಂದಿನಿಂದ ಗಂಡನ ಸೊಂಟ ತಬ್ಬಿದಳು.

ಮುಂದೆ ಎಡ ಬಿದ್ದಿತ್ತು. ವೆಂಕಟಸ್ವಾಮಿಯ ತಲೆ ಹಿಂದಕ್ಕೆ ಹೋಗಿತ್ತು. ಅದು ವಾಪಸು ಬರುವಷ್ಟರಲ್ಲಿ ಬಲ ಮೊಣಕೈ ಹಿಂದಕ್ಕೆ ಬಂತು. ಅಕ್ಕನ ಎಡಗಣ್ಣಿಗೆ ಅದು ಬಿದ್ದಾಗ ಹೆಚ್ಚು ಸದ್ದೇನೂ ಆಗಲಿಲ್ಲ. ಅವಳು ಕಿರುಚಲೂ ಇಲ್ಲ. ತಬ್ಬಿದ ಕೈ ಸಡಿಲಿಸಿ ಹಸಿ ಮಣ್ಣಿನ ಮೇಲೆ ಕುಸಿದಳು. ಭಾವ ತಿರುಗಿ ನೋಡದೆ ಮುಂದೆ ಇನ್ನೆರಡು ಹೊಡೆದ, ಆಮೇಲೆ ಹೊಡೆಯಲು ಅಲ್ಲಿ ತಲೆ ಇರಲಿಲ್ಲ. ವೆಂಕಟಸ್ವಾಮಿ ತೂಬಿನ ಕಲ್ಲಿನ ಪಕ್ಕ ಬಿದ್ದಿದ್ದ. ಆಗ ಭಾವ ತಿರುಗಿದ, ಹಿಂದೆ ಬಿದ್ದವನು ಯಾವ ಆಳು ಎಂದು ನೋಡಲು.

ಅವನ ಬಾಯಿಂದ ಹೊರಟ ಸದ್ದನ್ನು ಬರೆಯಲು ನನ್ನಿಂದಾಗದು. ಕೈ ಜಜ್ಜಿದಾಗಲೂ ಅವನು ಹಾಗೆ ಕೂಗಿರಲಿಕ್ಕಿಲ್ಲ. ಎತ್ತಿಕೊಳ್ಳಲು ಹೋದ, ಬೆರಳು ಮಡಚದೆ ಅಕ್ಕ ಎರಡು ಸಲ ಜಾರಿದಳು.

ವೆಂಕಟಸ್ವಾಮಿ ಬದುಕಿದ. ಎರಡು ತಿಂಗಳು ಗಂಜಿ ಕುಡಿದ. ಬೆರಳಿಲ್ಲದವನಿಂದ ಒದೆ ತಿಂದೆ ಎಂದು ಪೊಲೀಸರ ಮುಂದೆ ಹೇಳಲು ನಾಚಿಕೆಯಾಗಿ ಕೇಸೂ ಹಾಕಲಿಲ್ಲ. ಊರ ಹಿರಿಯರು ತಾವಾಗಿ ಬಂದು ಭಾವನನ್ನು ತೂಬಿನ ಕೆಲಸಕ್ಕೆ ಕರೆದರು. ಅವನು ಹೋಗಲಿಲ್ಲ. ಅರವತ್ತೆಂಟರಲ್ಲಿ ಜ್ವರ ಬಂದು ಸಾಯುವ ತನಕ ಕ್ಯಾಂಪಿನಲ್ಲಿ ಕಸ ಗುಡಿಸಿದ; ಸಂತೆಗೆ ಹೋದರೂ, ಹೆಬ್ಬಾಳಕ್ಕೆ ಹೋದರೂ ಅಕ್ಕನ ಎಡಕ್ಕೇ ನಡೆದ, ಗಾಡಿ ಬಂದರೆ ಅವಳಿಗೆ ಕಾಣುವುದಿಲ್ಲವೆಂದು. ನಾನು ಏರಿಯ ಮೇಲೆ ಎಲ್ಲಿ ನಿಂತಿದ್ದೆ ಎಂದು ಊರಿನವರು ಯಾರೂ ಅವನಿಗೆ ಹೇಳಲಿಲ್ಲ. ಅವರೂ ನನ್ನ ಹಾಗೆ ನೋಡುತ್ತ ನಿಂತವರೇ.

ಅಕ್ಕ ಹೇಳಬಹುದಿತ್ತು. ಕಣ್ಣಾಸ್ಪತ್ರೆಗೆ ಸೇರಿಸಿದ ಮೂರನೆಯ ದಿನ, ಆ ಕಣ್ಣು ಇನ್ನಿಲ್ಲ ಎಂದು ಡಾಕ್ಟರು ಹೇಳಿ ಹೋದ ಮೇಲೆ, ಭಾವ ಟೀ ತರಲು ಹೊರಗೆ ಹೋದ. ಅಕ್ಕ ಉಳಿದ ಕಣ್ಣಿನಿಂದ ನನ್ನನ್ನು ಬಹಳ ಹೊತ್ತು ನೋಡಿದಳು.

"ಲಕ್ಕ, ನೀನು ನನಗಿಂತ ಅತ್ರ ಇದ್ದೆ," ಎಂದಳು.

"ಊಂ ಅಕ್ಕ," ಎಂದೆ.

"ನಿಮ್ ಭಾವಂಗೆ ಏಳ್ಬ್ಯಾಡ. ಅವ್ರಿಗೆ ತಮ್ಮೋನು ಅಂತ ಇರಾದು ನೀನೊಬ್ನೇ."

ಅಷ್ಟರಲ್ಲಿ ಭಾವ ಬಂದ. ಮೂರು ಗ್ಲಾಸುಗಳನ್ನು ಎರಡು ಮಣಿಕಟ್ಟಿನ ನಡುವೆ ಒತ್ತಿಕೊಂಡು, ಚೆಲ್ಲದಂತೆ ಸಣ್ಣ ಸಣ್ಣ ಹೆಜ್ಜೆ ಇಡುತ್ತ ಬಂದ. ಮೊದಲು ನನ್ನ ಮುಂದೆ ಹಿಡಿದ. ಅವನ ಕಣ್ಣುಗಳು ಊದಿಕೊಂಡಿದ್ದವು.

"ನೀನು ಗುಂಡೀಲಿದ್ದೆ, ಇಲ್ದಿದ್ರೆ ನೀನೇ ಬಂದು ಇಡ್ಕಂತಿದ್ದೆ ಕಣೋ ಲಕ್ಕ," ಎಂದ. "ನಂಗೊತ್ತು."

ನಾನು ಗ್ಲಾಸು ತೆಗೆದುಕೊಂಡು ಟೀ ಕುಡಿದೆ.