ಭಯದ ಸುತ್ತಲಿನ ಬಲೆ

ಪರದೇಶದ ಈ ಊರಿನ ಡಗ್ಲಸ್ ಬಡಾವಣೆಯ ನಮ್ಮ ಮನೆಯಿಂದ ಬಸ್ಸು ಹಿಡಿದು ಲ್ಯಾಬ್‌ನ ಕತ್ತಲೆ ಕೋಣೆ ಸೇರಿದರೆ ಹೊರಗಿನ ಮಳೆ, ಬೆಳಕು ಎರಡೂ ಮರೆತುಹೋಗುತ್ತಿದ್ದವು. ಇಲಿಯ ಮಿದುಳನ್ನು ಕೂದಲೆಳೆಯಷ್ಟು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಡಿ ಇಡುವುದು ನನ್ನ ಕೆಲಸ. ಕಣ್ಣಿಟ್ಟರೆ ಕಪ್ಪಿನೊಳಗೆ ಹಸಿರು ಬಲೆಗಳು ತೇಲಿದಂತೆ ಕಾಣುತ್ತಿದ್ದವು. ಒಂದೊಂದು ಬಲೆಯೊಳಗೂ ಒಂದೊಂದು ಜೀವಕೋಶ, ಕುಲಾವಿ ತೊಟ್ಟು ಮಲಗಿದ ಕೂಸಿನ ಹಾಗೆ.

ಮರಿಗಳ ಮಿದುಳಿನಲ್ಲಿ ಈ ಬಲೆ ಅಷ್ಟಾಗಿ ಇರುವುದಿಲ್ಲ. ಬೆಳೆದಂತೆ ಹೆಣೆದುಕೊಳ್ಳುತ್ತದೆ. ಕಲಿತದ್ದನ್ನು ಕಾಯುತ್ತದೆ, ಹೊಸದಕ್ಕೆ ಬೇಗ ಜಾಗ ಬಿಡುವುದಿಲ್ಲ. ಹೆದರಿಕೆಯ ನೆನಪನ್ನೂ ಅದು ಕಾಯುತ್ತದೆಂದು ನನಗೆ ಹೇಳಿದವರು ನಮ್ಮ ಲ್ಯಾಬ್‌ನ ಹಿರಿಯ ಸಂಶೋಧಕಿ, ಮೈಸೂರಿನವರು.

ನನಗಾಗ ನಲವತ್ತೊಂದು. ಏಳನೇ ವಯಸ್ಸಿನಲ್ಲಿ ದೇವಸ್ಥಾನದ ಕಲ್ಯಾಣಿಗೆ ಜಾರಿ ಬಿದ್ದಿದ್ದೆ. ಯಾರೋ ಜಡೆ ಹಿಡಿದೆಳೆದು ಉಳಿಸಿದ್ದರು. ಅಂದಿನಿಂದ ನೀರು ಮೊಣಕಾಲು ದಾಟಿದರೆ ಉಸಿರು ಕಟ್ಟುತ್ತಿತ್ತು. ಮಗಳು ಈಜು ಕಲಿಯುವಾಗಲೂ ಗಾಜಿನಾಚೆಯೇ ಕೂತಿರುತ್ತಿದ್ದೆ.

"ಮೇಡಂ, ಈ ಬಲೆ ಕರಗಿಸಿದ್ರೆ ಭಯ ಹೋಗುತ್ತಾ?" ಎಂದು ಒಂದು ದಿನ ಕೇಳಿದೆ.

"ಇಲೀಲಿ ಮೊದಲೇ ಕರಗಿಸಿಟ್ಟರೆ, ಆಮೇಲೆ ಹುಟ್ಟಿದ ಭಯ ಅಳಿಸ್ಬಹುದು. ಬೇರು ಬಿಟ್ಟಿದ್ದು ಅಷ್ಟು ಸುಲಭಕ್ಕೆ ಹೋಗಲ್ಲ ಕಣಮ್ಮ. ಯಾಕೆ, ಯಾರಿಗೆ ಭಯ?"

ಹೇಳಿದೆ. ಅವರು ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದರು. "ಹಳೇದು ಇದ್ದಲ್ಲೇ ಇರ್ಲಿ ಬಿಡು. ಪಕ್ಕದಲ್ಲಿ ಹೊಸ ನೆನಪೊಂದು ಕಟ್ಟು. ಈ ವಯಸ್ಸಲ್ಲಿ ನಿಧಾನ ಆಗುತ್ತೆ, ಅಷ್ಟೇ."

ಶನಿವಾರ ಬೆಳಗಿನ ದೊಡ್ಡವರ ಈಜು ತರಗತಿಗೆ ಸೇರಿದೆ. ಆರು ವಾರ ಕೊಳದಂಚಿನ ಕಂಬಿ ಬಿಡಲಿಲ್ಲ. ಏಳನೇ ವಾರ ಕಲಿಸುವಾಕೆ ನನ್ನ ಬೆನ್ನಿನಡಿ ಅಂಗೈ ಇಟ್ಟು ಮಲಗಿಸಿದಳು. ಕಿವಿಗೆ ನೀರು ತುಂಬಿತು, ಸದ್ದೆಲ್ಲ ದೂರವಾಯಿತು. ಮಾಡಿನ ಗಾಜಿನಾಚೆ ಒಂದು ಮೋಡ ತೂಕಡಿಸುತ್ತಾ ಸಾಗುತ್ತಿತ್ತು. ಕಲ್ಯಾಣಿ ನೆನಪಾಯಿತು, ಪಾಚಿಯ ವಾಸನೆ ಸಮೇತ. ಅದನ್ನು ದೂಡಲು ಹೋಗಲಿಲ್ಲ. ಅದೂ ಇತ್ತು, ಮೋಡವೂ ಇತ್ತು. ಅಂಗೈ ಯಾವಾಗ ಸರಿಯಿತೋ ತಿಳಿಯಲಿಲ್ಲ.

ಆಮೇಲೆ ಮುಳುಗಿ, ಕೆಮ್ಮುತ್ತಾ ಎದ್ದೆ. ದಡದಲ್ಲಿ ಮಗಳು ಕುಣಿಯುತ್ತಿದ್ದಳು.

"ಅಮ್ಮಾ, ಯೂ ವರ್ ಗ್ರ್ಯಾಂಡ್! ಟೆನ್ ಸೆಕೆಂಡ್ಸ್!"

"ಸುಳ್ಳು ಹೇಳ್ಬೇಡ."

"ಐ ಕೌಂಟೆಡ್!"

ಈಗಲೂ ಇಳಿಯುವ ಮೊದಲು ಕಂಬಿ ಹಿಡಿದು ನಿಲ್ಲುತ್ತೇನೆ. ಆದರೂ ಇಳಿಯುತ್ತೇನೆ. ಕಳೆದ ಬೇಸಿಗೆಯಲ್ಲಿ ಇಲ್ಲಿನ ಕೊರೆಯುವ ಸಮುದ್ರದಲ್ಲಿ ಕುತ್ತಿಗೆವರೆಗೆ ನಿಂತು, ಹಲ್ಲು ಕಟಕಟಿಸುತ್ತಾ, ಆಸರೆಗೆ ಹಿಡಿದಿದ್ದ ಮಗಳ ಕೈಯನ್ನು ಬಿಟ್ಟೆ.