ಹುಲಿ ಸಾರಿದವನು

ಮೂಡಲಗಿ ಸುತ್ತಿನ ಊರುಗಳಲ್ಲಿ ಟಂಟಂ ಗಾಡಿಗೆ ದನಿ ದೊಡ್ಡದು ಮಾಡುವ ಭೋಂಗಾ ಕಟ್ಟಿಕೊಂಡು ಸುದ್ದಿ ಸಾರುತ್ತಿದ್ದವನು ಅವನು. ಕಾಲುವೆಗೆ ನೀರು ಬಿಡುವುದಿರಲಿ, ಪ್ರಚಾರ ಸಭೆ ಇರಲಿ, ಎಡಗೈಯಿಂದ ಕಿವಿ ಮುಚ್ಚಿಕೊಂಡು, "ಕೇಳ್ರಪೋ ಕೇಳ್ರಿ, ಖರೇ ಸುದ್ದಿ ಕೇಳ್ರಿ!" ಎಂದೇ ಶುರು ಮಾಡುತ್ತಿದ್ದ.

ಹೋದ ವರ್ಷ ಕೌಜಲಗಿಯಲ್ಲಿ ನಾವು ಆಡಿದ ನಾಟಕದಲ್ಲೂ ಅವನಿಗೆ ಸಾರುವವನ ಪಾತ್ರವೇ. ಪ್ರಜೆಗಳು ಪ್ರಶ್ನೆ ಕೇಳದಿರಲೆಂದು ರಾಜನೊಬ್ಬ ಇಲ್ಲದ ಹುಲಿಯ ಸುದ್ದಿ ಹಬ್ಬಿಸುವ ಕಥೆ ಅದು. ನಾನು ಪಕ್ಕದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದೆ.

"ಖರೇ ಸುದ್ದಿ ಕೇಳ್ರಿ! ಹುಲಿ ಬಂದೈತಿ, ಮನಿ ಸೇರ್ಕೋರಿ!"

ಎಂಥ ದನಿ! ನನ್ನ ಮೈ ಜುಮ್ಮೆಂದಿತು. ಆದರೆ ಹಿಂದೆ ನಿಂತು, ರಂಗ ಕಾಣದೆ ಭೋಂಗಾ ಮಾತ್ರ ಕೇಳುತ್ತಿದ್ದ ಜನ ಮಕ್ಕಳನ್ನು ಎತ್ತಿಕೊಂಡು ಓಡತೊಡಗಿದರು. ಅವರನ್ನು ಕಂಡು ಮುಂದೆ ಕೂತವರೂ ಎದ್ದರು. ಓಣಿಯಲ್ಲಿ ಬಾಗಿಲುಗಳು ದಡಾರನೆ ಮುಚ್ಚಿಕೊಂಡವು. ಮೊದಲ ಸಾಲಿನ ಮುಖಂಡರೊಬ್ಬರು ಮಾತ್ರ ಕೂತಲ್ಲೇ ಚಪ್ಪಾಳೆ ತಟ್ಟಿದರು.

ಅವನು ಗಾಬರಿಯಲ್ಲಿ ಮೈಕ್ ಅಲ್ಲೇ ಬಿಟ್ಟು ಕೆಳಗೆ ಹಾರಿ ಓಡಿದ. ನಾನೂ ಹಿಂದೆ ಓಡಿದೆ. ಕುರುಬರ ಮುದುಕಿಯೊಬ್ಬಳು ಬಾಗಿಲು ಹಾಕಿಕೊಳ್ಳುತ್ತಿದ್ದಳು.

"ಆಯಿ, ಹುಲಿ ಇಲ್ಲ! ಅದು ನಾಟಕ ಐತಿ!" ಎಂದ ಅವನು.

"ಇಲ್ಲಂತ ಸಾರಾಕ ನಿನಗ ಯಾರು ಹೇಳ್ಯಾರೊ?"

"ಯಾರೂ ಹೇಳಿಲ್ಲ. ನಾನಽ ಹೇಳಾಕತ್ತೇನಿ."

"ಹಂಗಾರ ಹೆಂಗ ನಂಬ್ಲೋ ತಮ್ಮಾ?" ಎಂದು ಅವಳು ಅಗಳಿ ಹಾಕಿಕೊಂಡಳು.

ಅವನು ಹೊಸ್ತಿಲಲ್ಲೇ ನಿಂತು ಕೂಗಿದ, "ಹುಲಿ ಇಲ್ಲ, ಹೊರಗ ಬರ್ರಿ!" ಭೋಂಗಾ ಇಲ್ಲದೆ ಅವನು ಊರಿಗೆ ಸಾರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ದನಿ ಬಾಜೂ ಮನೆಗೂ ಮುಟ್ಟುತ್ತಿರಲಿಲ್ಲ.