ಅಕ್ಕನ ಎಡಗೈ

ಅಕ್ಕ ಹುಟ್ಟಾ ಎಡಚಿ. ಅವಳಮ್ಮನಿಗೆ ಅದು ಕಣ್ಣಲ್ಲಿ ಬಿದ್ದ ಕಸ. "ಎಡಗೈ ಕೆಲಸ ಎಡವಟ್ಟು ಕೆಲಸ" ಎಂದು ಬೈದಳು, ಹೊಡೆದಳು, ಒಮ್ಮೆ ಟವೆಲಿನಿಂದ ಆ ಕೈಯನ್ನು ಬೆನ್ನ ಹಿಂದೆ ಕಟ್ಟಿಯೂ ಹಾಕಿದಳು. ಅಕ್ಕ ಜಗ್ಗುವ ಪೈಕಿಯಲ್ಲ. ಅದೇ ಕೈಯಲ್ಲಿ ಕತ್ತರಿ ಹಿಡಿದು ಹೊಲಿಗೆ ಅಂಗಡಿ ನಡೆಸಿದಳು, ತಂಗಿಗೆ ಚಿತ್ರಕಲೆ ಓದಿಸಿದಳು.

ಆ ತಂಗಿ ಮರದ ಹಲಗೆ ಕೆತ್ತಿ, ಮಸಿ ಸವರಿ, ಕಾಗದದ ಮೇಲೆ ಅಚ್ಚು ತೆಗೆಯುವವಳಾದಳು. ಅಕ್ಕನ ಬದುಕನ್ನೇ ಅಚ್ಚುಗಳ ಸರಣಿಯಾಗಿ ಹೇಳಲು ಹೊರಟಳು. ಚಿತ್ರ ಯಾವುದೇ ಇರಲಿ, ಎಡಗೈಯಲ್ಲಿ ಕತ್ತರಿ ಇರಲೇಬೇಕು. ಕಥೆಯನ್ನೆಲ್ಲ ಪೋಣಿಸುವ ದಾರ ಅದು. ಹಲಗೆಯಲ್ಲಿ ಎಡಕ್ಕಿದ್ದದ್ದು ಕಾಗದದಲ್ಲಿ ಬಲಕ್ಕೆ ಬರುತ್ತದೆ, ಹಾಗಾಗಿ ಎಲ್ಲವನ್ನೂ ತಿರುಗಿಸಿ ಕೆತ್ತಬೇಕು. ಅವಳಿಗದು ನೀರು ಕುಡಿದಷ್ಟು ಸುಲಭ. ಒಂದೊಂದು ಅಚ್ಚನ್ನೂ ದೂರದ ಊರಿನ ಅಕ್ಕನಿಗೆ ಕಳಿಸುತ್ತಿದ್ದಳು.

"ನನ್ ಮೂಗು ಇಷ್ಟು ದಪ್ಪಾನೇನೇ?" ಎಂದು ಅಕ್ಕ ಫೋನಿನಲ್ಲಿ ಜಗಳಕ್ಕೆ ಬರುತ್ತಿದ್ದಳು. "ಎಲ್ಲಾ ಮುಗಿಸ್ಕೊಂಡೇ ಬಾ. ಅರ್ಧಕ್ಕೆ ಬಿಟ್ಟು ಬರ್ಬೇಡ."

ಕೊನೆಯ ಹಲಗೆಗೆ ಉಳಿ ಇಡುವ ಮೊದಲೇ ಅಕ್ಕ ಹೋಗಿಬಿಟ್ಟಳು.

ಅಂತ್ಯಕ್ರಿಯೆ ಮುಗಿಸಿ ಬಂದವಳೇ ತಂಗಿ ಕೆತ್ತಲು ಕೂತಳು. ಅಚ್ಚು ತೆಗೆದು ಕಾಗದ ಎತ್ತಿದರೆ, ಕತ್ತರಿ ಬಲಗೈಯಲ್ಲಿತ್ತು. ದುಃಖದಲ್ಲಿ ತಿರುಗಿಸುವುದನ್ನೇ ಮರೆತಿದ್ದಳು, ನಿನ್ನೆ ಮೊನ್ನೆ ಉಳಿ ಹಿಡಿದವರ ಹಾಗೆ.

ಹಳೆಯ ಅಚ್ಚುಗಳನ್ನು ಪ್ರದರ್ಶನಕ್ಕೆಂದು ವಾಪಸ್ ತಂದಿದ್ದ ಅಕ್ಕನ ಮಗಳ ಮುಂದೆ ಅವಳು ಗೊಳೋ ಎಂದು ಅತ್ತಳು. "ನಮ್ಮಮ್ಮನ ಕೈಲಿ ಆಗದ್ದನ್ನ ನಾನು ಮಾಡ್ಬಿಟ್ಟೆ ಕಣೇ."

ಮಗಳು ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ತಪ್ಪಲ್ಲ ಚಿಕ್ಕಮ್ಮ. ಲಕ್ವ ಹೊಡೆದ ಮೇಲೆ ಅಮ್ಮಂಗೆ ಎಡಗೈ ಏಳ್ತಾನೇ ಇರ್ಲಿಲ್ಲ. ಬಲಗೈಲಿ ಕತ್ತರಿ ಹಿಡಿಯೋದು ಕಲೀತಿದ್ಲು, ಸಣ್ಣ ಮಗು ಥರ. ನಿಂಗೆ ಹೇಳ್ಬೇಡ ಅಂದಿದ್ಲು. ಅವಳ ಚಿತ್ರದಲ್ಲಾದ್ರೂ ನನ್ ಕೈ ನೆಟ್ಟಗಿರ್ಲಿ ಅಂತಿದ್ಲು."

ಲಕ್ವ ಹೊಡೆದಾಗಲೂ ಬಾ ಎನ್ನದ ಅಕ್ಕನ ಮೇಲೆ ತಂಗಿಗೆ ಸಿಟ್ಟು ಬಂತು. ಕರೆಯದಿದ್ದರೂ ಹೋಗಬಹುದಿತ್ತಲ್ಲ ಎಂದು ತನ್ನ ಮೇಲೆ ಇನ್ನೂ ಹೆಚ್ಚು ಬಂತು.

ಹಲಗೆಯನ್ನು ಮತ್ತೆ ಕೆತ್ತಲಿಲ್ಲ. ಆ ಅಚ್ಚನ್ನೇ ಸರಣಿಯ ಕೊನೆಗೆ ತೂಗುಹಾಕಿದಳು. ಹಲಗೆಯ ಮಸಿ ಒರೆಸಿ ಮಗಳ ಕೈಗೆ ಕೊಟ್ಟಳು. ಅದರಲ್ಲಿ ಅಕ್ಕ ಇನ್ನೂ ಎಡಗೈಯಲ್ಲೇ ಕತ್ತರಿ ಹಿಡಿದು ಕೂತಿದ್ದಳು.